ಅಜ್ಜಿ ತೊಳೆದ ಕೀಬೋರ್ಡು

ನಮ್ಮ ಮನೆಯ ಧೂಳಿಗೆ ಎರಡು ಬಣ್ಣವಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿಗೆ ಬೆನ್ನು ಕೊಟ್ಟು ನಿಂತ ಮನೆ ಅದು. ಬೆಳಿಗ್ಗೆ ಭಟ್ಟಿ ಹೊತ್ತಿಸಿದರೆ ಹಿತ್ತಿಲಿನಿಂದ ಕರಿ ಮಸಿ ತೇಲಿಬರುತ್ತಿತ್ತು, ಮಧ್ಯಾಹ್ನ ಮಂಡಕ್ಕಿ ಜರಡಿ ಹಿಡಿಯುವ ಹೊತ್ತಿಗೆ ಬಿಳಿ ಹೊಟ್ಟು. ಅವ್ವ ಎಷ್ಟು ಸಲ ಗುಡಿಸಿದರೂ ಯಾರು ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದು ನೆಲದ ಮೇಲಿನ ಹೆಜ್ಜೆಯಲ್ಲಿ ತಿಳಿಯುತ್ತಿತ್ತು. ಹಾಲಿನ ಪಾತ್ರೆಗೆ ತಟ್ಟೆ, ನೀರಿನ ಕೊಡಕ್ಕೆ ಬಟ್ಟೆ, ದೇವರ ಗೂಡಿಗೆ ಪರದೆ, ಹೀಗೆ ನಮ್ಮಲ್ಲಿ ಪ್ರತಿಯೊಂದಕ್ಕೂ ಒಂದು ಮುಚ್ಚಳವಿತ್ತು. ಪಡಸಾಲೆಯ ಮೂಲೆಯ ಮೇಜಿನ ಮೇಲಿದ್ದ ಕೀಬೋರ್ಡಿಗೂ ಇತ್ತು. ಅವ್ವನ ಹಳೆಯ ಇಳಕಲ್ ಸೀರೆಯಿಂದ ಹೊಲಿದ ಎರಡು ಪದರದ ಗವಸು. ಆ ಗವಸನ್ನು ತೆಗೆಯುವ, ಹಾಕುವ ಅಧಿಕಾರ ಮನೆಯಲ್ಲಿ ಒಬ್ಬಳಿಗೇ. ಅವಳು ಅಪ್ಪನ ತಂಗಿ, ನನ್ನ ನೀಲತ್ತೆ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಹೈಸ್ಕೂಲು ಮುಗಿಸುವ ಹೊತ್ತಿಗೆ ಸಂಜೆ ದಾರಿ ಕಾಣದೆ ತಡವರಿಸತೊಡಗಿದಳಂತೆ. ಆಮೇಲೆ ಕಣ್ಣಿನ ಅಂಚುಗಳು ಹೋದವು, ಆಮೇಲೆ ನಡುವೆಯೂ ಮಬ್ಬಾಯಿತು. ನೋಟ ಇನ್ನೂ ಒಂದಿಷ್ಟು ಉಳಿದಿರುವಾಗಲೇ ಹಟ ಹಿಡಿದು ಟೈಪಿಂಗ್ ಕಲಿತಳು. ಕೋರ್ಟಿನ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಅಪ್ಪ, ಮುಚ್ಚಿಹೋದ ಯಾವುದೋ ಕಚೇರಿಯಿಂದ ಹಳೆಯ ಕಂಪ್ಯೂಟರ್ ಒಂದನ್ನು ಮನೆಗೆ ತಂದಾಗ ಅದರ ಮುಂದೆ ಮೊದಲು ಕೂತವಳು ಅವಳೇ. ಅದರ ಜೊತೆ ಬಂದ ಕೀಬೋರ್ಡು ಚಿಕ್ಕ ಚಪ್ಪಡಿಯಷ್ಟು ಭಾರ. ಪ್ರತಿ ಗುಂಡಿಯ ಕೆಳಗೆ ಅದರದೇ ಒಂದು ಸ್ಪ್ರಿಂಗು, ಅದರದೇ ಒಂದು ಸ್ವಿಚ್ಚು. ಒತ್ತಿದರೆ ‘ಟಕ್’ ಅನ್ನುತ್ತಿತ್ತು. ಆ ಸದ್ದು ಬಂದರೆ ಅಕ್ಷರ ಬಿತ್ತು ಎಂದರ್ಥ, ಬಾರದಿದ್ದರೆ ಇಲ್ಲ. ಪರದೆ ನೋಡಲಾಗದ ನೀಲತ್ತೆಗೆ ಅಷ್ಟು ಸಾಕಿತ್ತು. ವಕೀಲರೊಬ್ಬರು ತಮ್ಮ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸುತ್ತಿದ್ದರು. ಅವಳು ಎಡಕಿವಿಯಲ್ಲಿ ಕ್ಯಾಸೆಟ್ಟು, ಬಲಕಿವಿಯಲ್ಲಿ ಗುಂಡಿಗಳ ಸದ್ದು ಕೇಳುತ್ತಾ ಪುಟಗಟ್ಟಲೆ ಹೊಡೆಯುತ್ತಿದ್ದಳು. ಶಾಲೆ ಮುಗಿಸಿ ಬಂದ ನಾನು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಇದು ನನಗೆ ಇಷ್ಟದ ಕೆಲಸ. ಅತಿಯಾಗಿಯೇ ಇಷ್ಟ. ಅವಳು ಕೇಳುವ ಮೊದಲೇ ತಪ್ಪು ತೋರಿಸುತ್ತಿದ್ದೆ, ಅವಳು ಏಳುವ ಮೊದಲೇ ಕೈ ಹಿಡಿಯುತ್ತಿದ್ದೆ, ಬಂದವರು ಅವಳನ್ನು ಏನಾದರೂ ಕೇಳಿದರೆ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಇವತ್ತು ನಾನು ಇದೇ ಊರಿನಲ್ಲಿ, ಬಿದ್ದು ಕಾಲು ಮುರಿದುಕೊಂಡವರನ್ನು, ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಸುವ ಕೆಲಸ ಮಾಡುತ್ತೇನೆ. ಹಿಡಿದುಕೊಳ್ಳುವುದಕ್ಕಿಂತ ಹಿಡಿಯದೆ ಪಕ್ಕದಲ್ಲಿ ನಿಲ್ಲುವುದು ಕಷ್ಟ ಎಂಬುದು ಆ ಕಸುಬಿನ ಮೊದಲ ಪಾಠ. ನನಗೆ ಅದನ್ನು ಕಾಲೇಜು ಕಲಿಸಲಿಲ್ಲ.

ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಭಟ್ಟಿಗಳು ತಣ್ಣಗಿರುತ್ತಿದ್ದವು. ಗಾಳಿಯಲ್ಲಿ ಮಸಿ ಇಲ್ಲದ ಆ ದಿನವೇ ನೀಲತ್ತೆ ಕೀಬೋರ್ಡು ಸ್ವಚ್ಛ ಮಾಡುವ ದಿನ. ಮೊದಲು ಕಂಪ್ಯೂಟರನ್ನು ಬಂದ್ ಮಾಡಿ, ಸ್ವಿಚ್ ಬೋರ್ಡಿನಿಂದ ವೈರು ಕಿತ್ತು, ಆಮೇಲೆ ಕೀಬೋರ್ಡಿನ ವೈರು ಬಿಡಿಸುತ್ತಿದ್ದಳು. ಮಷಿನ್ ಚಾಲೂ ಇದ್ದಾಗ ಅದನ್ನು ಎಳೆದರೆ ಒಳಗಿನ ಬೋರ್ಡು ಸುಡಬಹುದು. ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ, ಕೀಬೋರ್ಡನ್ನು ಮಗುಚಿ ಹಿಡಿದು ಬೆನ್ನಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು. ಮಸಿ, ಹೊಟ್ಟು, ಅಪ್ಪ ಕದ್ದು ತಿಂದ ಮಂಡಕ್ಕಿಯ ಚೂರು ಎಲ್ಲ ಉದುರುತ್ತಿದ್ದವು. ತಲೆಯಿಂದ ಎರಡು ಹೇರ್‌ಪಿನ್ ತೆಗೆದು ಬಗ್ಗಿಸಿ, ಗುಂಡಿಯ ಎರಡು ಬದಿಗೆ ತೂರಿಸಿ, ಓರೆಯಾಗದಂತೆ ನೇರ ಮೇಲಕ್ಕೆ ಎತ್ತುತ್ತಿದ್ದಳು. ಉದ್ದ ಗುಂಡಿಗಳನ್ನು ಮಾತ್ರ ಕೀಳುತ್ತಿರಲಿಲ್ಲ, ಅವುಗಳ ಕೆಳಗೆ ಒಂದು ತಂತಿ ಸಿಕ್ಕಿಸಿರುತ್ತದೆ, ಕಿತ್ತರೆ ಮತ್ತೆ ಕೂರಿಸುವುದು ರಗಳೆ. ಕಿತ್ತ ಗುಂಡಿಗಳು ಪಡ್ಡಿನ ಹಂಚಿನ ಕುಳಿಗಳಿಗೆ ಹೋಗುತ್ತಿದ್ದವು, ಸಾಲಿಗೆ ಸಾಲು. ಕುಳಿ ಸಾಲದಾದಾಗ ಬಟ್ಟಲುಗಳು. ಪಡ್ಡಿನ ಹಂಚಿನಲ್ಲಿ ಪ್ಲಾಸ್ಟಿಕ್ ಗುಂಡಿ ಕಂಡಾಗಲೆಲ್ಲ ನೀಲತ್ತೆಯ ಅವ್ವ, ನನ್ನ ಅಜ್ಜಿ, ಗೊಣಗುತ್ತಿದ್ದಳು.

“ತಿನ್ನೋ ಹಂಚಿನಾಗ ಇದೇನವ್ವ ಇದು.”

“ತೊಳದು ಕೊಡ್ತೀನಿ ಬಿಡವ್ವ. ನಿನ್ನ ಪಡ್ಡಿಗೆ ಇಂಗ್ಲಿಷ್ ಬರಾಂಗಿಲ್ಲ.”

ಗುಂಡಿಗಳಿಗೆ ಉಗುರುಬೆಚ್ಚನೆ ಸೋಪಿನ ನೀರು. ಅದು ಗುಂಡಿಗಳಿಗಷ್ಟೇ. ಸ್ವಿಚ್ಚುಗಳಿದ್ದ ಹಲಗೆಗೆ ಒಣ ಬ್ರಷ್ಷು, ಜಿಗುಟು ಹಿಡಿದ ಕಡೆ ಹತ್ತಿಗೆ ಒಂದಿಷ್ಟೇ ಸ್ಪಿರಿಟ್ಟು, ಹಿಂಡಿದರೂ ತೊಟ್ಟಿಕ್ಕಬಾರದು. ಸ್ಪಿರಿಟ್ ಬಾಟಲಿ ಬಿಚ್ಚುವ ಮೊದಲು ಒಲೆ ಆರಿದೆಯೇ ಎಂದು ಅಡುಗೆಮನೆಗೆ ಕೂಗಿ ಕೇಳುತ್ತಿದ್ದಳು. ಅದನ್ನು ಗುಂಡಿಯ ಮುಖಕ್ಕೆ ತಾಗಿಸುತ್ತಿರಲಿಲ್ಲ, ಅಚ್ಚು ಅಳಿಸುತ್ತದೆ ಎಂದು. ಅಕ್ಷರ ಇದ್ದರೆಷ್ಟು ಹೋದರೆಷ್ಟು ಅವಳಿಗೆ. ಆದರೂ ಅಪ್ಪನಿಗೆ ಬೇಕಲ್ಲ. ತೊಳೆದ ಗುಂಡಿಗಳು ಬಿಸಿಲಿಗಲ್ಲ, ನೆರಳಿಗೆ. ನಾನು ನೆರವಿಗೆ ಕೈ ಚಾಚಿದರೆ ಮೆಲ್ಲಗೆ ಅದನ್ನು ಸರಿಸುತ್ತಿದ್ದಳು.

“ಶೈಲಾ, ಮುಟ್ಟಬ್ಯಾಡ. ನಾ ಕೇಳಿದಾಗ ಹೇಳು, ಸಾಕು.”

ಈ ಕೀಬೋರ್ಡಿನ ಸುತ್ತ ನಮ್ಮ ಮನೆಯಲ್ಲಿ ಎಷ್ಟು ಜಗಳಗಳಾದವೋ. ಅಪ್ಪ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಪೊಟ್ಟಣ ತಂದು ಮೇಜಿನ ಮೇಲೆಯೇ ಬಿಚ್ಚುತ್ತಿದ್ದ. ನೀಲತ್ತೆ ವಾಸನೆಯಿಂದಲೇ ತಿಳಿದು, ಮಾತಾಡದೆ ಪೊಟ್ಟಣ ಎತ್ತಿ ಹೊರಗಿನ ಕಟ್ಟೆಯ ಮೇಲಿಟ್ಟು ಬರುತ್ತಿದ್ದಳು. ಅಜ್ಜಿಗೆ ದುಡಿಯುವ ಸಾಮಾನಿಗೆಲ್ಲ ವಿಭೂತಿ, ಕುಂಕುಮ ಇಡಬೇಕು. ಒಮ್ಮೆ ಕುಂಕುಮ ಗುಂಡಿಗಳ ಸಂದಿಗೆ ಇಳಿದು ಮೂರು ಅಕ್ಷರಗಳು ಮುಷ್ಕರ ಹೂಡಿದವು. ಆಮೇಲೆ ಪರದೆಯ ನೆತ್ತಿಯ ಮೇಲೆ ಎಷ್ಟು ಬೇಕಾದರೂ ಇಡು, ಕೀಬೋರ್ಡಿನ ಹತ್ತಿರ ಬರಬೇಡ ಎಂದು ಒಪ್ಪಂದವಾಯಿತು. ಅಜ್ಜಿ ಒಪ್ಪಿದಳು, ಆದರೆ ತನ್ನ ದೇವರನ್ನು ಯಾರೋ ಹೊಸ್ತಿಲಾಚೆ ನಿಲ್ಲಿಸಿದ ಹಾಗೆ ಮುಖ ಮಾಡಿಕೊಂಡು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಕ್ಯಾಸೆಟ್ಟು ಕಳಿಸುತ್ತಿದ್ದ ಆ ವಕೀಲರು ಒಂದು ಸುದ್ದಿ ತಂದರು. ಹರಿಹರದಲ್ಲಿ ಬೀಜದ ವ್ಯಾಪಾರ ಮಾಡುವ ಒಂದು ಕಚೇರಿಗೆ ಟೈಪ್ ಮಾಡುವವರು ಬೇಕಾಗಿದ್ದಾರೆ, ಮಹಾನವಮಿ ಕಳೆದ ಮರುವಾರ ಪರೀಕ್ಷೆ, ನಾನು ಹೇಳಿಟ್ಟಿದ್ದೇನೆ ಎಂದರು. ಅಂದು ರೊಟ್ಟಿ, ಬದನೆಕಾಯಿ ಎಣಗಾಯಿ. ಎಲ್ಲರೂ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆವು. ರೊಟ್ಟಿ ತಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು.

“ದಿನಾ ಹರಿಹರಕ್ಕ ಹೆಂಗ ಹೋಗ್ತೀಯ?”

“ರೈಲಿಗೆ.”

“ರೈಲಿಗೆ ಅಂತಾಳ. ಯಾರು ಕರಕೊಂಡು ಹೋಗ್ತಾರ?”

“ಯಾರೂ ಬ್ಯಾಡ.”

“ನಾ ಇರೋ ತಕ ಇದು ಆಗಾಂಗಿಲ್ಲ ನೀಲಾ. ಇಲ್ಲಿ ಕೂತು ಮಾಡೋ ಕೆಲ್ಸ ಐತಲ್ಲ, ಅದ ಸಾಕು.”

“ಇಲ್ಲಿ ಕೂತು ಕೂತು ನನಗ ಈ ಮನಿ ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲದಂಗಾಗೇತಿ ಅವ್ವ. ಬಾಗಿಲ ದಾಟೋದು ಮರತ್ರ, ಆವಾಗ ನಾ ಖರೇನ ಕುರುಡಿ ಆಗ್ತೀನಿ.”

ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅವ್ವ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಎಣಗಾಯಿ ಬಡಿಸಿದಳು. ಅಪ್ಪ ತಲೆ ತಗ್ಗಿಸಿ ತಿಂದ. ಅಜ್ಜಿ ಹಂಚಿನ ಮೇಲಿದ್ದ ರೊಟ್ಟಿ ಸೀಯುವವರೆಗೂ ಅದನ್ನೇ ನೋಡುತ್ತಾ ಕೂತಿದ್ದಳು.

ಮಹಾನವಮಿಯ ಮೊದಲು ಮನೆ ತೊಳೆಯುವ ದಿನ ಬಂತು. ಅಪ್ಪ ನೀಲತ್ತೆಯನ್ನು ವಕೀಲರ ಮನೆಗೆ ಕರೆದುಕೊಂಡು ಹೋಗಿದ್ದ, ಅವ್ವ ಅಟ್ಟದ ಮೇಲಿದ್ದಳು. ಶಾಲೆಯಿಂದ ಬಂದು ಹಿತ್ತಿಲಿಗೆ ಕೈಕಾಲು ತೊಳೆಯಲು ಹೋದ ನನಗೆ, ಒಗೆಯುವ ಕಲ್ಲಿನ ಪಕ್ಕ ಹಿತ್ತಾಳೆ ಕೊಡಗಳು, ತಂಬಿಗೆಗಳು ಬೋರಲಾಗಿದ್ದುದು ಕಂಡಿತು. ಅವುಗಳ ಸಾಲಿನಲ್ಲೇ, ಗೋಡೆಗೆ ಒರಗಿಸಿದ್ದ ಕೀಬೋರ್ಡು. ಅದರ ಒಂದು ಮೂಲೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಬೋರ್‌ವೆಲ್ಲಿನ ನೀರು ಬಕೆಟ್ಟಿನಲ್ಲಿ ಸುರಿದು ಅಜ್ಜಿ ಅದನ್ನು ಕನ್ನಡಿಯ ಹಾಗೆ ಮಾಡಿದ್ದಳು. ತಿಕ್ಕುವಾಗ ಕಳಚಿದ್ದ ಕೆಲವು ಗುಂಡಿಗಳನ್ನು ಒಂದು ಚಿಪ್ಪಿನಲ್ಲಿ ಹಾಕಿಟ್ಟಿದ್ದಳು. ಇನ್ನು ಕೆಲವು ಬಚ್ಚಲಿನ ನೀರಿನ ಜೊತೆ ಮೋರಿ ಸೇರಿದ್ದವು. ನಾನು ಮೋರಿಯೊಳಗೆ ಮೊಣಕೈವರೆಗೂ ಕೈ ಹಾಕಿ ಹುಡುಕುತ್ತಿರುವಾಗ ನೀಲತ್ತೆ ಬಂದಳು. ಮೇಜಿನ ಮೇಲೆ ಕೈಯಾಡಿಸಿದ್ದಳು, ಗವಸು ಮಾತ್ರ ಸಿಕ್ಕಿತ್ತು.

ಆದದ್ದನ್ನು ನಾನೇ ಹೇಳಿದೆ. ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನು ಮಡಿಲಿಗೆ ತೆಗೆದುಕೊಂಡಳು. ಒದ್ದೆ ಗುಂಡಿಗಳ ಮೇಲೆ ಬೆರಳಾಡಿಸಿದಳು. ಒಂದನ್ನು ಒತ್ತಿದಳು. ‘ಟಕ್’ ಬರಲಿಲ್ಲ. ಪಚಕ್ಕೆಂದಿತು. ಕಲ್ಲಿನ ಬಳಿ ತಂಬಿಗೆ ತಿಕ್ಕುತ್ತಿದ್ದ ಅಜ್ಜಿಯ ಕಡೆ ತಿರುಗಿದಳು.

“ಯಾಕ ತೊಳದಿ ಅವ್ವ?”

“ಹೊಲಸಾಗಿತ್ತು. ನೀನೂ ಸೋಪಿನ ನೀರಾಗ ಅದ್ದತೀಯಲ್ಲ ಪ್ರತಿ ಅಮಾಸಿಗೆ. ನಾ ನೋಡೀನಿ.”

“ನಾ ಹರಿಹರಕ್ಕ ಹೋಗಬಾರದು ಅಂತ ತೊಳದಿ.”

ಅಜ್ಜಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಆ ದಿನದಿಂದ ಇಬ್ಬರ ನಡುವೆ ಮಾತು ನಿಂತಿತು. ಒಂದೇ ಮನೆಯಲ್ಲಿ, ಒಂದೇ ಗೋಡೆಗೆ ಒರಗಿ ಉಣ್ಣುತ್ತಾ, “ಶೈಲಾ, ನಿಮ್ಮಜ್ಜಿಗೆ ಉಪ್ಪು ಕೊಡು,” “ಶೈಲಾ, ನಿಮ್ಮತ್ತಿಗೆ ನೀರು ಬೇಕೇನು ಕೇಳು” ಎಂದು ನನ್ನ ಮೂಲಕ ಮಾತಾಡುತ್ತಿದ್ದರು.

ಅಪ್ಪ ಗಾಬರಿಯಿಂದ ಕೀಬೋರ್ಡನ್ನು ಒರೆಸಿ, ಕೆಲಸ ಮಾಡುತ್ತದೆಯೋ ನೋಡೋಣವೆಂದು ಕಂಪ್ಯೂಟರಿಗೆ ಹಚ್ಚಲು ಹೊರಟ. ನೀಲತ್ತೆ ವೈರನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಬ್ಯಾಡಣ್ಣ. ಬರೇ ನೀರಿಗೆ ಇದು ಸಾಯಾಂಗಿಲ್ಲ. ಹಸಿ ಇದ್ದಾಗ ಕರೆಂಟ್ ಕೊಟ್ರ ಸಾಯ್ತೈತೆ. ಪೂರ್ತಿ ಒಣಗೋ ತಕ ಯಾರೂ ಹಚ್ಚಬ್ಯಾಡ್ರಿ.”

“ಪರೀಕ್ಷೆ ಹತ್ರ ಬಂತಲ್ಲ. ಬಜಾರಿನಾಗ ಹೊಸಾದು ಸಿಗ್ತಾವ.”

“ಅವು ಮೆತ್ತಗಿರ್ತಾವ. ಒತ್ತಿದ್ರ ಹೊಡದೆನೋ ಇಲ್ಲೋ ತಿಳಿಯಾಂಗಿಲ್ಲ. ನನಗ ಇದಾ ಆಗಬೇಕು.”

ಸುದ್ದಿ ಕೇಳಿ ಪಕ್ಕದ ಭಟ್ಟಿಯ ಬಾಷಾ ಚಾಚಾ ಬಂದು, ಬಿಸಿ ಮಂಡಕ್ಕಿಯ ಚೀಲದಲ್ಲಿ ಹುದುಗಿಸಿಟ್ಟರೆ ನೀರೆಲ್ಲ ಹೀರಿಕೊಳ್ಳುತ್ತದೆ, ಫಿಕರ್ ಮಾಡಬೇಡಿ ಎಂದ. ನೀಲತ್ತೆ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ಮಂಡಕ್ಕಿಯ ಹೊಟ್ಟನ್ನು ತೆಗೆಯುವುದಕ್ಕೇ ತಾನು ಇಷ್ಟು ವರ್ಷ ಕಷ್ಟಪಟ್ಟದ್ದು ಎಂದಳು. ಅಪ್ಪ ಹೊಲಿಗೆ ಯಂತ್ರದ ಎಣ್ಣೆ ಹಾಕೋಣವೆಂದ. ಎಣ್ಣೆಗೆ ಧೂಳು ಅಂಟುತ್ತದೆ, ಅದೂ ಬೇಡ ಎಂದಳು. ಅವ್ವ ಒಲೆಯ ಮುಂದೆ ಕಾಯಿಸಬಹುದೇ ಎಂದು ಕೇಳಿದಾಗ, ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ ಎಂದಳು. ಎಲ್ಲರ ಮಾತು ಮುಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಪಂಚೆ ಹಾಸಿದಳು.

ಉಳಿದ ಗುಂಡಿಗಳನ್ನೆಲ್ಲ ಕಿತ್ತಳು. ಬೆನ್ನಿನ ತಿರುಪುಗಳನ್ನು ಬಿಚ್ಚಿದಳು. ಒಳಗೆ ನಿಂತಿದ್ದ ನೀರು ಪಂಚೆಯ ಮೇಲೆ ಹರಿಯಿತು. ಬೆರಳ ತುದಿಯಿಂದ ಒಂದೊಂದೇ ಸ್ವಿಚ್ಚನ್ನು ತಡವಿ ಕೇಳಿದಳು.

“ಒಣಗಿದ ಕಡೆ ಬೆಳ್ಳಗ ಏನರ ಕಾಣ್ತೈತೇನು?”

ಕಾಣುತ್ತಿತ್ತು. ಸ್ವಿಚ್ಚುಗಳ ಸುತ್ತ ಸುಣ್ಣದಂಥ ಗೆರೆ. ಹೇಳಿದೆ.

“ಸೋಪು. ಮ್ಯಾಲ ನಮ್ಮ ಬೋರಿನ ಸವಳು ನೀರು. ಇದು ಹಿಂಗಾ ಉಳದ್ರ ಸ್ವಿಚ್ ಹಿಡೀತಾವ.” ಅಪ್ಪನ ಕಡೆ ತಿರುಗಿದಳು. “ಅಣ್ಣ, ಸ್ಕೂಟರಿನ ಬ್ಯಾಟರಿಗೆ ಹಾಕ್ತೀಯಲ್ಲ, ಆ ಡಿಸ್ಟಿಲ್ಡ್ ನೀರು ತಗಂಬಾ. ಅದು ಒಣಗಿದ್ರ ಕಲಿ ಉಳಿಯಾಂಗಿಲ್ಲ.”

ಹಾಗೆ ಅವಳು ಅದನ್ನು ಎರಡನೆಯ ಸಲ ತೊಳೆದಳು. ಬಾಗಿಲ ಬಳಿ ನಿಂತಿದ್ದ ಅಜ್ಜಿ ನನ್ನ ಕಡೆ ತಿರುಗಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಶೈಲಾ, ನಾ ತೊಳದ್ರ ಪಾಪ, ನಿಮ್ಮತ್ತಿ ತೊಳದ್ರ ಪುಣ್ಯ ಏನು, ಕೇಳು.”

ನೀಲತ್ತೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಶುದ್ಧ ನೀರನ್ನು ಹನಿ ಹನಿಯಾಗಿ ಬಿಟ್ಟು, ಪ್ರತಿ ಸ್ವಿಚ್ಚನ್ನೂ ಮತ್ತೆ ಮತ್ತೆ ಒತ್ತಿ, ಮಗುಚಿ, ಕೊಡವಿ, ಒಲೆ ಆರಿದ್ದನ್ನು ಕೇಳಿಕೊಂಡು ಸ್ಪಿರಿಟ್ಟಿನಿಂದ ಒರೆಸಿದಳು. ಸಂಜೆಯಾಗುವ ಹೊತ್ತಿಗೆ ಅವಳ ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿದ್ದವು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಅವಳಿಂದ ತೆಗೆದುಕೊಂಡು ನಾನೇ ಮಾಡಿಬಿಡಬೇಕೆಂದು ಕೈ ತುರಿಸುತ್ತಿತ್ತು. ನನಗೆ ಕಾಣುತ್ತದೆ, ನಾನಾದರೆ ಬೇಗ ಮುಗಿಸುತ್ತೇನೆ. ಅವಳು ಅದನ್ನು ಹೇಗೆ ತಿಳಿದಳೋ, “ಬ್ಯಾಗ ಮುಗಿಯೋದು ಬ್ಯಾಡ ಶೈಲಾ, ಸರಿಯಾಗೋದು ಬೇಕು” ಎಂದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೇಳಿದಾಗ ಮಾತ್ರ ಹೇಳಿದೆ. ಇಲ್ಲಿ ಬಿಳಿ ಇದೆ, ಇಲ್ಲಿಲ್ಲ.

ಬಿಚ್ಚಿದ ಕೀಬೋರ್ಡು ಪಡಸಾಲೆಯ ನೆರಳಿನಲ್ಲಿ, ಫ್ಯಾನಿನ ಕೆಳಗೆ, ತೆಳು ಬಟ್ಟೆ ಹೊದ್ದು ಮಲಗಿತು. ಮಹಾನವಮಿ ಬಂತು, ಹೋಯಿತು. ಅಪ್ಪನ ಸ್ಕೂಟರಿಗೂ ಬಾಷಾ ಚಾಚಾನ ತಕ್ಕಡಿಗೂ ಹೂವು ಬಿತ್ತು, ಇದಕ್ಕೆ ಬೀಳಲಿಲ್ಲ. ದಿನವೂ ಅಪ್ಪ “ಇವತ್ತು ಹಚ್ಚೋಣೇನು” ಎನ್ನುತ್ತಿದ್ದ, ನೀಲತ್ತೆ ಬೇಡವೆನ್ನುತ್ತಿದ್ದಳು. ಈ ನಡುವೆ ಮತ್ತೊಂದು ತೊಂದರೆ ಗೊತ್ತಾಯಿತು. ಗುಂಡಿಗಳನ್ನು ಕೂರಿಸುವಾಗ ‘ಎ’, ‘ಎಫ್’, ‘ಎಂ’ ಇರಲಿಲ್ಲ. ಮೋರಿಯನ್ನು ಕೊನೆಯವರೆಗೂ ಜಾಲಾಡಿದರೂ ಸಿಗಲಿಲ್ಲ. ನನಗೆ ಅಳು ಬಂತು. ಎಡಗೈಯ ತೋರುಬೆರಳು ನಿಲ್ಲುವ ‘ಎಫ್’ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಆ ಉಬ್ಬು ಹಿಡಿದೇ ಅವಳ ಕೈ ತನ್ನ ಜಾಗ ಕಂಡುಕೊಳ್ಳುತ್ತಿದ್ದುದು.

“ಅಳಬ್ಯಾಡ. ಬಲಗಡಿಗೆ ಅಂಕಿ ಗುಂಡಿ ಅದಾವಲ್ಲ, ಅದ್ರಾಗ ಐದು ಎಲ್ಲೈತೆ ತೋರಿಸು.”

ತೋರಿಸಿದೆ. ಐದರ ಮೇಲೂ ಅಂಥದೇ ಉಬ್ಬು. ಅವಳು ಅದನ್ನು ಎತ್ತಿ, ಅದರ ಇಳಿಜಾರನ್ನು ಹೆಬ್ಬೆರಳಿನಿಂದ ಸವರಿ, ಪಕ್ಕದ ಅಕ್ಷರಗಳ ಇಳಿಜಾರಿಗೆ ಹೋಲಿಸಿ ‘ಎಫ್’ ಜಾಗದಲ್ಲಿ ಒತ್ತಿದಳು. ಸರಿಯಾಗಿ ಕೂತಿತು. ‘ಎ’ ಜಾಗಕ್ಕೆ ನಾಲ್ಕು ಬಂತು, ‘ಎಂ’ ಜಾಗಕ್ಕೆ ಒಂದು.

“ಆದ್ರ ಅತ್ತಿ, ಎ ಒತ್ತಿದ್ರ ನಾಲ್ಕು ಬೀಳ್ತೈತಲ್ಲ?”

“ಇಲ್ಲ. ಅಕ್ಷರ ಇರೋದು ಕೆಳಗಿನ ಸ್ವಿಚ್ಚಿನಾಗ. ಇದು ಬರೇ ಟೊಪ್ಪಿಗಿ.”

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಕೀಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಕೆನ್ನೆಗೆ ಒತ್ತಿ ನೋಡಿ, ಹಚ್ಚು ಎಂದಳು. ಅಪ್ಪ ವೈರು ಸಿಕ್ಕಿಸಿ ಆಮೇಲೆ ಸ್ವಿಚ್ ಹಾಕಿದ. ಅವಳು ಮೇಲಿನ ಸಾಲಿನಿಂದ ಒಂದೊಂದೇ ಒತ್ತುತ್ತಾ ಹೋದಳು, ನಾನು ಬಿದ್ದ ಅಕ್ಷರ ಓದುತ್ತಾ ಹೋದೆ. ಎಲ್ಲವೂ ಬಿದ್ದವು, ‘ಬಿ’ ಒಂದನ್ನು ಬಿಟ್ಟು. ಅದು ಒಮ್ಮೆ ಬೀಳುತ್ತಿತ್ತು, ಒಮ್ಮೆ ಇಲ್ಲ. ಮತ್ತೆ ಬಿಚ್ಚಿ ಒಣಗಿಸುವಷ್ಟು ಹೊತ್ತಿರಲಿಲ್ಲ. ಅವಳು ಸಂಜೆಯವರೆಗೂ ‘ಬಿ’ ಇರುವ ಮಾತುಗಳನ್ನೇ ಹೊಡೆದು, ಅದನ್ನು ಎಷ್ಟು ಜೋರಾಗಿ ಒತ್ತಬೇಕೆಂದು ಬೆರಳಿಗೆ ಕಲಿಸಿದಳು.

ಹರಿಹರದ ಆ ಕಚೇರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಕೆಳಗೆ ಬೀಜದ ಮೂಟೆಗಳ ಗೋದಾಮು, ಮೇಲೆ ಕಚೇರಿ. ಅಪ್ಪ ಕೀಬೋರ್ಡನ್ನು ಚೀಲದಲ್ಲಿ ಎದೆಗವಚಿಕೊಂಡು ಬಂದ. ನಾನು ಹಟ ಮಾಡಿ ಶಾಲೆ ತಪ್ಪಿಸಿ ಹೋಗಿದ್ದೆ. ಮ್ಯಾನೇಜರು ವಯಸ್ಸಾದವರು, ಬಿಳಿ ಅಂಗಿ, ಮೃದು ಮಾತು. ವಕೀಲರು ಎಲ್ಲ ಹೇಳಿದ್ದರಂತೆ, ಆದರೂ ನೀಲತ್ತೆ ಕುರ್ಚಿ ತಡವಿ ಕೂರುವುದನ್ನು ಕಂಡು ಅವರು ಅಪ್ಪನ ಕಡೆ ತಿರುಗಿದರು.

“ಇವರಿಗೆ ತ್ರಾಸ ಆಗಾಂಗಿಲ್ಲೇನ್ರಿ?”

ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು. ನೀಲತ್ತೆಯ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು.

“ನನ್ನ ಕೇಳ್ರಿ ಸರ್. ಕಿವಿ ಚಲೋ ಅದಾವ.” ಆಮೇಲೆ ಹೇಳಿದಳು. “ಮಷಿನ್ ಬಂದ್ ಮಾಡಿಸ್ರಿ. ನಂದಾ ಕೀಬೋರ್ಡ್ ಹಚ್ಚಕೊಳ್ತೀನಿ.”

ಚೀಲದಿಂದ ಹೊರಬಂದ ವಸ್ತುವನ್ನು ಮ್ಯಾನೇಜರು ಕನ್ನಡಕ ಏರಿಸಿ ನೋಡಿದರು. ಬಲಗಡೆ ಮೂರು ಗುಂಡಿಗಳಿರಲಿಲ್ಲ, ಬರೀ ಸ್ವಿಚ್ಚಿನ ಕಡ್ಡಿಗಳು ಚಾಚಿಕೊಂಡಿದ್ದವು.

“ಇದೇನ್ರಿ, ಎ ಇರಬೇಕಾದಲ್ಲಿ ನಾಲ್ಕು ಐತೆ. ಇಲ್ಲಿ ನೋಡಿದ್ರ ಐದು.”

“ಅದು ನೋಡೋರಿಗೆ ಸರ್. ನಾ ನೋಡಾಂಗಿಲ್ಲ. ನೀವು ಹೇಳ್ರಿ.”

ಅವರು ಒಂದು ಕ್ಷಣ ಅಪ್ಪನನ್ನು ನೋಡಿದರು, ಆಮೇಲೆ ಕಾಗದವೊಂದನ್ನು ಎತ್ತಿಕೊಂಡು ಇಂಗ್ಲಿಷಿನಲ್ಲಿ ಓದತೊಡಗಿದರು. ಜೋಳದ ಬೀಜ, ಸೂರ್ಯಕಾಂತಿ ಬೀಜ, ಚೀಲಗಳು ತಡವಾಗಿ ಬಂದದ್ದು, ಹೀಗೆ ಏನೋ ವ್ಯವಹಾರದ ಪತ್ರ. ನೀಲತ್ತೆಯ ಬೆರಳುಗಳು ಉಬ್ಬು ಹುಡುಕಿ ನಿಂತು, ಹೊರಟವು. ಮೊದಲು ಮೆಲ್ಲಗೆ, ಆಮೇಲೆ ನಮ್ಮ ಪಡಸಾಲೆಯಲ್ಲಿ ಕೇಳುತ್ತಿದ್ದ ಅದೇ ಓಟದಲ್ಲಿ. ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಕತ್ತು ತಿರುಗಿಸಿದರು. ನಾನು ಪರದೆಯ ಮೇಲೆ ಕಣ್ಣು ನೆಟ್ಟಿದ್ದೆ. ಚೀಲಗಳಿಗೆ ‘ಬ್ಯಾಗ್ಸ್’ ಎಂಬ ಮಾತು ಬಂದಲ್ಲಿ ‘ಬಿ’ ಬೀಳಲಿಲ್ಲ. ಮೊದಲಕ್ಷರವಿಲ್ಲದ ಬೋಳು ಪದವೊಂದು ಪರದೆಯ ಮೇಲೆ ನಿಂತಿತು. ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿದೆ. ನೀಲತ್ತೆ ಮುಂದಿನ ಪದಕ್ಕೆ ಹೋಗುವ ಮೊದಲೇ ನಿಂತಳು, ತಲೆಯನ್ನು ತುಸು ಓರೆ ಮಾಡಿದಳು, ಹಿಂದಕ್ಕೆ ಹೋಗಿ ಅಳಿಸಿ, ‘ಬಿ’ಯನ್ನು ಮೊಳೆ ಹೊಡೆದ ಹಾಗೆ ಒತ್ತಿದಳು. ಮುಂದೆ ಅದು ಬಂದ ಕಡೆಯಲ್ಲೆಲ್ಲ ಹಾಗೆಯೇ ಒತ್ತಿದಳು. ನಾನು ಹೇಳಿದ್ದರೂ ಅವಳು ತಿದ್ದುತ್ತಿದ್ದಳು. ಆದರೆ ಮ್ಯಾನೇಜರಿಗೆ ಆಗ ಅವಳ ಜೊತೆ ಒಂದು ಜೋಡಿ ಕಣ್ಣುಗಳೂ ಬರಬೇಕೆಂದು ತಿಳಿಯುತ್ತಿತ್ತು. ಅದು ನನಗೆ ಅಲ್ಲೇ, ಆ ಕುರ್ಚಿಯ ಹಿಂದೆ ನಿಂತಿದ್ದಾಗಲೇ ಅರ್ಥವಾಯಿತು.

ಅಚ್ಚಾಗಿ ಬಂದ ಹಾಳೆಯನ್ನು ಮ್ಯಾನೇಜರು ಎರಡು ಸಲ ಓದಿದರು.

“ತಿಂಗಳೊಪ್ಪತ್ತು ನೋಡೋಣ್ರಿ. ಸೋಮವಾರದಿಂದ ಬರ್ರಿ.”

ಮನೆಗೆ ಬಂದು ಹೇಳಿದಾಗ ಅವ್ವ ನೀಲತ್ತೆಯ ಬಾಯಿಗೆ ಸಕ್ಕರೆ ಹಾಕಿದಳು. ಅಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಭಾನುವಾರ ನೀಲತ್ತೆ ನಡುಮನೆಯಲ್ಲಿ ಕೂತು ಸೀರೆಗಳನ್ನು ಮಡಿಚಿಡುತ್ತಿದ್ದಳು, ನಾನು ಬಣ್ಣ ಹೇಳುತ್ತಿದ್ದೆ. ಅಜ್ಜಿ ಬಂದು ಕಂಬಕ್ಕೆ ಒರಗಿ ಕೂತಳು. ಎಷ್ಟೋ ದಿನಗಳ ಮೇಲೆ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದಳು.

“ನೀ ಹೋಗಬಾರದು ಅಂತ ನನಗ ಇತ್ತು. ಈಗ್ಲೂ ಐತೆ. ಅದು ಸುಳ್ಳಲ್ಲ.”

ನೀಲತ್ತೆಯ ಕೈ ಸೀರೆಯ ಮೇಲೆ ನಿಂತಿತು.

“ಆದ್ರ ಅದನ್ನ ತೊಳದಿದ್ದು ಅದಕ್ಕಲ್ಲ. ನೀ ಪ್ರತಿ ಅಮಾಸಿಗೆ ಸೊಂಟ ಬಗ್ಗಿಸಿಕೊಂಡು ತಡಕಾಡೋದು ನೋಡಿ ನೋಡಿ, ಈ ಸಲಕ್ಕ ನಾನಾ ಮಾಡಿಟ್ರ ನಿನಗೊಂದು ಕೆಲ್ಸ ತಪ್ತೈತೆ ಅಂತ ತೊಳದೆ. ಹಾಳಾಗ್ತೈತಿ ಅಂತ ಗೊತ್ತಿರಲಿಲ್ಲ.”

“ಅವತ್ತಾ ಯಾಕ ಹೇಳಲಿಲ್ಲ?”

“ನೀ ಅಷ್ಟು ದೊಡ್ಡ ಮಾತು ಅಂದಿ. ಹೋಗಬ್ಯಾಡ ಅನ್ನೋದೂ ಮನಸಿನಾಗಿತ್ತಲ್ಲ, ಎರಡೂ ಒಂದಾ ಆಗಿ ಕಂಡ್ವು ನನಗೂ.”

ನೀಲತ್ತೆ ಮಡಿಲಿನ ಸೀರೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೈ ಚಾಚಿ, ಗಾಳಿಯಲ್ಲಿ ಹುಡುಕಿ, ಅಜ್ಜಿಯ ಮೊಣಕಾಲು ಸಿಕ್ಕಿದ ಮೇಲೆ ಅದರ ಮೇಲೆ ಕೈ ಇಟ್ಟಳು.

“ನನ್ನ ಕೆಲ್ಸ ತಪ್ಪಿಸಬ್ಯಾಡ ಅವ್ವ. ನನಗ ಇರೋದಾ ಅಷ್ಟು.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ನಾಳೆ ಬುತ್ತಿಗೆ ಏನು ಕಟ್ಟಲಿ ಎಂದು ಕೇಳಿದಳು.

ಸೋಮವಾರ ಬೆಳಗಿನ ರೈಲಿಗೆ ನೀಲತ್ತೆಯ ಜೊತೆ ಅಪ್ಪ ಹೊರಡುವುದೆಂದಿತ್ತು. ಅವಳು ಒಪ್ಪಲಿಲ್ಲ, ಶೈಲಾ ಬರಲಿ, ಇದೊಂದು ದಿನ ಸಾಕು ಎಂದಳು. ಕೀಬೋರ್ಡನ್ನು ಅಪ್ಪ ಹಿಂದಿನ ವಾರವೇ ಕಚೇರಿಯಲ್ಲಿ ಬಿಟ್ಟುಬಂದಿದ್ದ, ಅವ್ವನ ಗವಸಿನ ಸಮೇತ. ಹರಿಹರದಲ್ಲಿ ಇಳಿದ ಮೇಲೆ ಪ್ಲಾಟ್‌ಫಾರಂ ಮೇಲೆ ನಿಂತು ನನ್ನಿಂದ ದಾರಿಯನ್ನು ಒಮ್ಮೆ ಹೇಳಿಸಿಕೊಂಡಳು. ಮೆಟ್ಟಿಲು, ಹೊರಗಿನ ಆಟೋಗಳು, ಎಡಕ್ಕೆ ತಿರುಗಿದರೆ ಹೂವಿನವರು, ಆಮೇಲೆ ಹಿಟ್ಟಿನ ಗಿರಣಿ, ಗಿರಣಿ ದಾಟಿ ಬಲಕ್ಕೆ.

“ಇನ್ನ ನೀ ನನ್ನ ಹಿಂದ ಬಾ. ದೂರ ಇರು. ನಾ ಎಲ್ಲಿ ಹೋದ್ರೂ ಮಾತಾಡಬ್ಯಾಡ.”

“ವಾಹನ ಬಂದ್ರ?”

“ವಾಹನ ಬಂದ್ರ ಮಾತಾಡು. ದಾರಿ ತಪ್ಪಿದ್ರ ಬ್ಯಾಡ.”

ಅವಳು ತನ್ನ ಬಿಳಿ ಕೋಲನ್ನು ನೆಲಕ್ಕೆ ತಾಗಿಸುತ್ತಾ ಹೊರಟಳು. ಆಟೋದವರು ಕರೆದರು, ತಲೆಯಾಡಿಸಿ ಮುಂದೆ ಹೋದಳು. ಹೂವಿನ ವಾಸನೆ ಬಂದಲ್ಲಿ ಎಡಕ್ಕೆ ತಿರುಗಿದಳು. ಆದರೆ ಅಂದು ಗಿರಣಿ ಓಡುತ್ತಿರಲಿಲ್ಲ, ಸದ್ದಿರಲಿಲ್ಲ. ಅವಳು ಅದನ್ನು ದಾಟಿ, ತಿರುಗಬೇಕಾದ ಜಾಗವನ್ನೂ ದಾಟಿ ನೇರ ಹೋಗುತ್ತಿದ್ದಳು. ಅತ್ತಿ ಎಂದು ಒಂದು ಸಲ ಕೂಗಿದರೆ ಮುಗಿಯುತ್ತಿತ್ತು. ಅವಳ ನೀಲಿ ಸೀರೆ ಜನರ ನಡುವೆ ಸಣ್ಣದಾಗುತ್ತಿತ್ತು. ನಾನು ಕೂಗದೆ ಹಿಂದೆ ಓಡಿದೆ. ಒಂದು ಕಡೆ ಅವಳು ನಿಂತಳು. ಕೋಲನ್ನು ಎರಡೂ ಬದಿಗೆ ಆಡಿಸಿದಳು. ಪಕ್ಕದಲ್ಲಿ ಟೊಮ್ಯಾಟೊ ಮಾರುತ್ತಿದ್ದ ಹೆಂಗಸಿನ ದನಿ ಕೇಳಿದ ಕಡೆ ತಿರುಗಿ ಏನೋ ಕೇಳಿದಳು. ಆ ಹೆಂಗಸು ಕೈ ತೋರಿಸಿ, ಆಮೇಲೆ ತೋರಿಸಿ ಪ್ರಯೋಜನವಿಲ್ಲವೆಂದು ತಿಳಿದು, ಬಾಯಲ್ಲಿ ಹೇಳಿದಳು. ನೀಲತ್ತೆ ಬಂದ ದಾರಿಯಲ್ಲೇ ಹಿಂತಿರುಗಿ, ನನ್ನ ಪಕ್ಕದಲ್ಲೇ, ನನಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋದಳು. ಉಸಿರು ಬಿಗಿಹಿಡಿದು ನಿಂತೆ.

ಗೋದಾಮಿನ ಬಾಗಿಲ ಬಳಿ ಬಂದ ಮೇಲೆ ಅವಳು ನಿಂತು ಹಣೆಯ ಬೆವರು ಒರೆಸಿಕೊಂಡಳು.

“ಬಂದೀಯೇನು?”

“ಬಂದೀನಿ.”

“ಗಿರಣಿ ಹತ್ರ ತಪ್ಪಿದೆ, ಅಲ್ಲ? ನಾಳಿಗೆ ಗಿರಣಿ ನಂಬಾಂಗಿಲ್ಲ.” ಸೆರಗು ಸರಿಮಾಡಿಕೊಂಡು ನನ್ನ ಕೈಗೆ ಟಿಕೆಟ್ಟಿನ ದುಡ್ಡಿಟ್ಟಳು. “ನೀ ಇನ್ನ ಹೋಗು. ದಾವಣಗೆರಿ ಸ್ಟೇಷನ್ನಿಗೆ ನಿಮ್ಮಪ್ಪ ಬಂದಿರ್ತಾನ.”

“ಒಬ್ಬಾಕಿನಾ?”

“ಮತ್ತ?”

ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಕೆಳಗೆ ಮೂಟೆಗಳ ಪಕ್ಕ ನಿಂತೇ ಇದ್ದೆ. ಕುರ್ಚಿ ಎಳೆದ ಸದ್ದು, ಯಾರೋ ನಮಸ್ಕಾರ ಎಂದದ್ದು, ಆಮೇಲೆ ಕಿಟಕಿಯಿಂದ ಟಕಟಕ ಶುರುವಾದದ್ದು ಎಲ್ಲ ಕೇಳಿಸಿತು. ಕೇಳುತ್ತಾ ಕೇಳುತ್ತಾ ನನಗೆ ಹೊಳೆಯಿತು, ನಾನು ಹಿಂದೆಂದೂ ಒಬ್ಬಳೇ ರೈಲು ಹತ್ತಿದವಳಲ್ಲ. ಬಂದ ದಾರಿಯನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತಾ ಹೊರಟೆ. ಎಡಕ್ಕೆ, ಗಿರಣಿ, ಹೂವಿನವರು, ಆಟೋಗಳು, ಮೆಟ್ಟಿಲು. ಸ್ಟೇಷನ್ನಿನ ಟಿಕೆಟ್ ಕಿಟಕಿ ನನ್ನ ಗಲ್ಲದ ಮಟ್ಟಕ್ಕಿತ್ತು. ಕಾಲ್ಬೆರಳ ತುದಿಯ ಮೇಲೆ ನಿಂತು ದಾವಣಗೆರೆ ಎಂದೆ. ಒಳಗಿದ್ದವರು ಬಗ್ಗಿ ನನ್ನ ಹಿಂದೆ ಯಾರಾದರೂ ದೊಡ್ಡವರಿದ್ದಾರೆಯೇ ಎಂದು ನೋಡಿದರು.

“ಜೊತಿಗೆ ಯಾರದಾರಮ್ಮ? ಎಷ್ಟು ಟಿಕೆಟ್ಟು?”

“ಯಾರೂ ಇಲ್ಲ್ರಿ,” ಎಂದೆ. “ಒಂದಾ ಕೊಡ್ರಿ.”